ಕಾಳು ಮೊದಲು, ಪಾಸ್ತಾ ಆಮೇಲೆ

ಇಟಲಿಯ ‘ಪಾಸ್ತಾ ಎ ಫಜೋಲಿ’ ಬಡವರ ಮನೆಯ ಅಡುಗೆ. ಮಾಂಸ ಕೊಳ್ಳಲಾಗದವರ ಹೊಟ್ಟೆಯನ್ನು ಕಾಳು, ಪಾಸ್ತಾ ಎರಡೇ ತುಂಬಿಸಿದವು. ಮನೆಯಲ್ಲಿ ಮಾಡಹೊರಟಿದ್ದೀರಾ? ದಯವಿಟ್ಟು ಅವಸರ ಬೇಡ.

ಅಲ್ಲಿಯವರದು ಬೊರ್ಲೊತ್ತಿ ಎಂಬ ಕೆಂಪು ಗೆರೆಯ ಕಾಳು. ನಮ್ಮ ಅಂಗಡಿಗಳ ಚಿತ್ರಾ ರಾಜ್ಮಾ ಅದರ ಹತ್ತಿರದ ನೆಂಟ. ರಾತ್ರಿಯೇ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ. ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಂತಾಗಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ಬೇಯಿಸಿದ ಕಟ್ಟನ್ನು ಮಾತ್ರ ಚೆಲ್ಲಬೇಡಿ, ಸೂಪಿನ ಸತ್ವ ಅದರಲ್ಲೇ ಇದೆ.

ಈರುಳ್ಳಿ, ಕ್ಯಾರೆಟ್, ಸೆಲರಿಯನ್ನು ಸಣ್ಣಗೆ ಹೆಚ್ಚಿ, ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ 15 ನಿಮಿಷ ಬಾಡಿಸಿ. ಕೆಂಪಗಾಗಬಾರದು, ಸಿಹಿ ಘಮ ಏಳಬೇಕು. ಇದೇ ‘ಸೊಫ್ರಿತ್ತೊ’, ರುಚಿಯ ತಳಪಾಯ. ಬೆಳ್ಳುಳ್ಳಿ, ರೋಸ್‌ಮರಿ, ಎರಡು ಟೊಮೆಟೊ ಸೇರಿಸಿ, ಆಮೇಲೆ ಕಾಳು ಮತ್ತು ಕಟ್ಟು ಹಾಕಿ. ಮೂರನೇ ಒಂದು ಪಾಲು ಕಾಳನ್ನು ಸೌಟಿನಿಂದ ಮಸೆದರೆ ಸೂಪು ತಾನಾಗಿ ಗಟ್ಟಿಯಾಗುತ್ತದೆ. ಕೆನೆ, ಮೈದಾ ಯಾವುದೂ ಬೇಡ. ಪಾರ್ಮೆಸಾನ್ ಚೀಸಿನ ಒಣ ಸಿಪ್ಪೆಯ ತುಂಡನ್ನೂ ಅಲ್ಲಿ ಕುದಿಯಲು ಬಿಡುತ್ತಾರೆ. ಅಸಲಿ ಪಾರ್ಮೆಸಾನಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಸಸ್ಯಾಹಾರಿಗಳು ಅದನ್ನು ಬಿಟ್ಟುಬಿಡಿ.

ಸಣ್ಣ ಪಾಸ್ತಾ ಕಟ್ಟಕಡೆಗೆ. ನೇಪಲ್ಸಿನಲ್ಲಿ ಉಳಿದ ಬಗೆಬಗೆಯ ಪಾಸ್ತಾ ಮುರುಕುಗಳೇ ಇದಕ್ಕೆ ಸಾಕು. ನಾಳೆಗೂ ಉಳಿಸುವುದಾದರೆ ಪಾಸ್ತಾ ಬೆರೆಸದೆ ಸೂಪನ್ನಷ್ಟೇ ತೆಗೆದಿಡಿ. ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಉಬ್ಬಿ ಮುದ್ದೆಯಾಗಿರುತ್ತದೆ.