ಅದು ಕುಡಿಯಿತಾ?


*ಇಂದಿನ ಧಮ್ಮ ಚಿಂತನೆ: ಎರಡನೆಯ ಶೀಲ*



ಪಂಚಶೀಲದಲ್ಲಿ ಎರಡನೆಯದು ಅದಿನ್ನಾದಾನದಿಂದ ದೂರವಿರುವುದು. 'ಕಳ್ಳತನ ಮಾಡುವುದಿಲ್ಲ' ಎಂದು ಹೇಳಿ ನಾವು ಮುಂದಕ್ಕೆ ಹೋಗಿಬಿಡುತ್ತೇವೆ. ಆದರೆ ಆ ಪದದ ಅರ್ಥ ಇನ್ನೂ ವಿಶಾಲ: ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ಇದನ್ನು ನನಗೆ ಕಲಿಸಿದ್ದು ಒಂದು ಪುಟ್ಟ ಹಕ್ಕಿ.

2021ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಹಿಮ ಬಿದ್ದು ಹಿತ್ತಿಲೆಲ್ಲ ಬೆಳ್ಳಗಾಗಿತ್ತು. ಅಲ್ಲಿ ಆನಾಸ್ ಹಮ್ಮಿಂಗ್‌ಬರ್ಡ್ ಎಂಬ ಹಕ್ಕಿ ಚಳಿಗಾಲದಲ್ಲೂ ಊರು ಬಿಡದೆ ಇರುತ್ತದೆ. ನಮ್ಮ ಸೂರಕ್ಕಿಯಂತೆ ಹೂವಿನ ಮಕರಂದ ಕುಡಿಯುತ್ತದೆ. ತೂಕ ನಾಲ್ಕೈದು ಗ್ರಾಂ ಅಷ್ಟೆ. ಕೊರೆಯುವ ರಾತ್ರಿಗಳಲ್ಲಿ ಮೈಬಿಸಿಯನ್ನೂ ಎದೆಬಡಿತವನ್ನೂ ತೀರಾ ಇಳಿಸಿಕೊಂಡು ಜಡವಾಗಿ ಕೂತು ಜೀವ ಉಳಿಸಿಕೊಳ್ಳುತ್ತದೆ. ಬೆಳಕು ಹರಿದ ಕೂಡಲೇ ಅದಕ್ಕೆ ಆಹಾರ ಬೇಕೇ ಬೇಕು.

ಮಗಳು ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು ಬೆರೆಸಿ ಫೀಡರ್‌ನಲ್ಲಿ ತುಂಬಿಡುವಳು. ಹೆಪ್ಪುಗಟ್ಟದಿರಲೆಂದು ರಾತ್ರಿ ಒಳಗೆ ತಂದು, ನಸುಕಿನಲ್ಲಿ ಮತ್ತೆ ಹೊರಗೆ ತೂಗುಹಾಕುವಳು.

ನನಗೆ ಫೋಟೊ ಹುಚ್ಚು. ಗಂಡುಹಕ್ಕಿಯ ಕತ್ತು ಬೆಳಕು ಸರಿಯಾದ ಕೋನದಲ್ಲಿ ಬಿದ್ದಾಗ ಮಾತ್ರ ಕಡುಗುಲಾಬಿಯಾಗಿ ಹೊಳೆಯುತ್ತದೆ, ಇಲ್ಲದಿದ್ದರೆ ಕಪ್ಪು. ಹಿಮದ ಎದುರು ಆ ಹೊಳಪು ಬೇಕಿತ್ತು. ರೆಕ್ಕೆ ಸ್ಪಷ್ಟವಾಗಲು ಶಟರ್ ವೇಗ ತುಂಬಾ ಹೆಚ್ಚಿಡಬೇಕು, ಹಿಮದ ಬಿಳುಪಿನಿಂದ ಚಿತ್ರ ಕಪ್ಪಾಗದಂತೆ ಎಕ್ಸ್‌ಪೋಷರ್ ಏರಿಸಬೇಕು. ಇದೆಲ್ಲ ನನಗೆ ನೆನಪಿತ್ತು. ಹಕ್ಕಿಯ ಹಸಿವು ನೆನಪಿರಲಿಲ್ಲ.

ಬೆಳಿಗ್ಗೆ ಫೀಡರ್ ಪಕ್ಕದಲ್ಲೇ ನಿಂತೆ. ಹಕ್ಕಿ ಬಂತು, ನನ್ನನ್ನು ಕಂಡು ಕೊಂಬೆಗೆ ಮರಳಿತು. ಮತ್ತೆ ಬಂತು, ಮತ್ತೆ ಮರಳಿತು. 'ಇನ್ನೊಂದೇ ಸಲ' ಎನ್ನುತ್ತಾ ನಾನು ಕದಲಲಿಲ್ಲ. ಕೊನೆಗೂ ಆ ಹೊಳಪು ಸಿಕ್ಕಿತು. ಒಳಗೆ ಓಡಿ ಮಗಳಿಗೆ ತೋರಿಸಿದೆ.

"ಚೆನ್ನಾಗಿದೆ ಅಪ್ಪ. ಅದು ಕುಡಿಯಿತಾ?" ಎಂದಳು.

ಫೋಟೊಗಳನ್ನು ಒಂದೊಂದಾಗಿ ನೋಡಿದೆ. ಒಂದರಲ್ಲೂ ಕೊಕ್ಕು ಫೀಡರ್‌ಗೆ ತಾಗಿರಲಿಲ್ಲ. ಹೊರಗೆ ಹೋಗಿ ನೋಡಿದರೆ ಸಕ್ಕರೆ ನೀರು ಆಗಲೇ ಹೆಪ್ಪುಗಟ್ಟತೊಡಗಿತ್ತು.

ನಾನು ತೆಗೆದುಕೊಂಡದ್ದು ಬರೀ ಚಿತ್ರವಲ್ಲ, ಅದರ ಬೆಳಗಿನ ಊಟ. 'ಇನ್ನೊಂದೇ ಸಲ' ಎಂದದ್ದು ತಣ್ಹಾ. ಕಣ್ಣು ಹಕ್ಕಿಯ ಮೇಲಿದ್ದರೂ ಸತಿ ಅಲ್ಲಿರಲಿಲ್ಲ.

ಬೇರೆ ಸಕ್ಕರೆ ನೀರು ತುಂಬಿ ತೂಗುಹಾಕಿ, ಒಳಗೆ ಕಿಟಕಿಯ ಹಿಂದೆ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಹಕ್ಕಿ ಬಂತು. ಅದೇ ಹಕ್ಕಿಯೋ ಬೇರೆಯದೋ ತಿಳಿಯದು. ಬಹಳ ಹೊತ್ತು ಕುಡಿಯಿತು. ಗಾಜಿನ ಮೂಲಕ ತೆಗೆದ ಆ ಚಿತ್ರ ಮಸುಕಾಗಿದೆ, ಕತ್ತೂ ಕಪ್ಪಾಗಿದೆ. ನಾನು ಇಟ್ಟುಕೊಂಡಿರುವುದು ಅದನ್ನೇ.

*ಇಂದಿನ ಅಭ್ಯಾಸ:* ಊಟಕ್ಕೆ ಕೂತವರನ್ನು ಕೆಲಸಕ್ಕೆ ಕರೆಯುವಾಗ, ದಣಿದವರ ಸಮಯ ಕೇಳುವಾಗ, ಯಾರದಾದರೂ ಫೋಟೊ ತೆಗೆಯುವಾಗ ಒಂದು ಉಸಿರಿನಷ್ಟು ನಿಲ್ಲೋಣ. ಇದು ನನಗೆ ಕೊಟ್ಟದ್ದೇ, ಅಥವಾ ನಾನಾಗಿ ತೆಗೆದುಕೊಳ್ಳುತ್ತಿರುವುದೇ?

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏