ವೇಗ 2 ಪಟ್ಟು, ಡೀಸೆಲ್ ಎಷ್ಟು ಪಟ್ಟು?

ಹೋದ ಬೇಸಿಗೆಯಲ್ಲಿ ಕರೆಂಟ್ ಇಲ್ಲದಾಗ ನಮ್ಮಪ್ಪ 5 ಹೆಚ್.ಪಿ. ಡೀಸೆಲ್ ಇಂಜಿನ್ ಬಾಡಿಗೆಗೆ ತಂದಿದ್ದರು. ಲಗೂ ನೀರು ಹಾಯಲಿ ಅಂತ ನಾನು ಇಂಜಿನ್ ಜೋರು ಮಾಡಿದೆ. ಕಡೇ ಮಡಿಗೆ ನೀರು ಮುಟ್ಟುವ ಮೊದಲೇ ಡೀಸೆಲ್ ಮುಗೀತು. ಆ ಮಡಿಯ ಮೆಣಸಿನ ಸಸಿಗಳು ಒಣಗಿದವು. ಅಪ್ಪ ಬೈಯಲಿಲ್ಲ, ಅದೇ ನನಗೆ ಹೆಚ್ಚು ಬೇಜಾರಾಯ್ತು. ಯಾಕೆ ಹೀಗಾಯ್ತು ಅಂತ ಲೆಕ್ಕ ಮಾಡಿದೆ.

ಜರ್ಮನಿಯ ರುಡಾಲ್ಫ್ ಡೀಸೆಲ್ ಅವರ ಇಂಜಿನ್ 1897ರಲ್ಲಿ ಯಶಸ್ವಿಯಾಯಿತು. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಉರಿಯುತ್ತದೆ. 1 ಹೆಚ್.ಪಿ. ಅಂದರೆ 746 ವ್ಯಾಟ್. ಅಷ್ಟು ಶಕ್ತಿಗೆ ಗಂಟೆಗೆ ಸುಮಾರು 200 ಮಿ.ಲೀ. ಡೀಸೆಲ್ ಬೇಕು. 5 ಹೆಚ್.ಪಿ.ಗೆ 1 ಲೀಟರ್. ಬಿರುಸಿನ ಮೋಟಾರ್ ದೋಣಿಯ 1000 ಹೆಚ್.ಪಿ. ಇಂಜಿನ್‌ಗೆ ಸುಮಾರು 200 ಲೀಟರ್!

ದೋಣಿಗೆ ಇಷ್ಟೊಂದು ಯಾಕೆ? ಹಂಪಿಯ ಹೊಳೆಯಲ್ಲಿ ನಿಧಾನ ಹೋಗುವ ಹರಿಗೋಲಿಗೆ ಒಂದು ಹುಟ್ಟು ಸಾಕು. ಆದರೆ ನೀರನ್ನು ಸೀಳಿ ಸಾಗುವ ದೋಣಿಯ ವೇಗ 2 ಪಟ್ಟಾದರೆ ನೀರಿನ ತಡೆ ಸುಮಾರು 4 ಪಟ್ಟು, ಬೇಕಾದ ಶಕ್ತಿ 8 ಪಟ್ಟು. 10 ಹೆಚ್.ಪಿ.ಯಲ್ಲಿ 1 ಗಂಟೆಯ ದಾರಿಗೆ 2 ಲೀಟರ್ ಆದರೆ, 80 ಹೆಚ್.ಪಿ.ಯಲ್ಲಿ ಅದೇ ದಾರಿ ಅರ್ಧ ಗಂಟೆ, 8 ಲೀಟರ್. ಸಮಯ ಅರ್ಧ, ಡೀಸೆಲ್ 4 ಪಟ್ಟು! ಅದಕ್ಕೇ ಬಿರುಸಿನ ದೋಣಿಗಳ ತಳವನ್ನು ನೀರಿನ ಮೇಲೆದ್ದು ಜಾರುವಂತೆ ಮಾಡಿರುತ್ತಾರೆ.

ಪಂಪಿಗೆ ನೀರು ಎತ್ತುವ ಕೆಲಸವೂ ಇರುವುದರಿಂದ ಲೆಕ್ಕ ಇಷ್ಟೇ ಬರುವುದಿಲ್ಲ. ಆದರೂ ಅತಿಯಾಗಿ ಓಡಿಸಿದರೆ ಪೈಪಿನೊಳಗಿನ ತಡೆ ಹೆಚ್ಚಿ, ಲೀಟರ್ ಡೀಸೆಲ್‌ಗೆ ಬರುವ ನೀರು ಕಡಿಮೆಯಾಗುತ್ತದೆ. ಈಗ ನಾನು ಇಂಜಿನ್‌ನ ವೇಗವನ್ನು ಅಪ್ಪ ಇಟ್ಟಲ್ಲೇ ಬಿಡುತ್ತೇನೆ. ನೀವೂ ಮನೆಯಲ್ಲಿ ಹೇಳಿರಿ.