ಮನೆಯ ತೆಂಗಿನಕಾಯಿಯಿಂದ ಚಾಕೊಲೆಟ್ ಕೇಕು



ಹುಲಿಕೆರೆಯ ಸುತ್ತಮುತ್ತ ತೋಟವುಳ್ಳ ಮನೆಗಳಲ್ಲಿ ತೆಂಗಿನಕಾಯಿಗೆ ಬಡತನವಿಲ್ಲ. ಬಲಿತ ಕಾಯಿಯನ್ನು ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಹಾಕಿಟ್ಟು, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾದ ಮೇಲೆ ಸುಲಿದು ಅರಸೀಕೆರೆಗೋ ತಿಪಟೂರಿಗೋ ಸಾಗಿಸುತ್ತೇವೆ. ಅಲ್ಲಿ ಅಂದು ನಡೆದ ದರವೇ ನಮ್ಮ ದರ. ಅದೇ ಮನೆಯಲ್ಲಿ ಮಗುವಿನ ಹುಟ್ಟಿದ ಹಬ್ಬ ಬಂದರೆ ಪೇಟೆಯ ಬೇಕರಿಯಿಂದ ಕೇಕು ಬರುತ್ತದೆ. ಅದರ ಮೇಲಿನ ಬಿಳಿಯ ನೊರೆ ಹಾಲಿನ ಕೆನೆಯೆಂದು ಮಕ್ಕಳು ತಿಳಿಯುತ್ತಾರೆ. ಬಹಳ ಕಡೆ ಅದು ಗಟ್ಟಿ ಮಾಡಿದ ವನಸ್ಪತಿ ಕೊಬ್ಬು ಮತ್ತು ಸಕ್ಕರೆ. ನಮ್ಮ ಕಾಯಿಯನ್ನು ಮೂಟೆಯಲ್ಲಿ ಕೊಟ್ಟು, ಅದಕ್ಕಿಂತ ಕೀಳಾದ ಕೊಬ್ಬನ್ನು ಡಬ್ಬಿಯಲ್ಲಿ ಕೊಂಡು ತರುವುದು ಯಾವ ಲೆಕ್ಕ?

ಆದುದರಿಂದ ಈ ಪಾಠದಲ್ಲಿ ಒಲೆಪೆಟ್ಟಿಗೆಯಿಲ್ಲದೆ, ಮೊಟ್ಟೆಯಿಲ್ಲದೆ, ಎರಡು ತೆಂಗಿನಕಾಯಿ ಮತ್ತು ಒಂದು ಕೊಬ್ಬರಿಯಿಂದ ಮಾಡಬಹುದಾದ ಚಾಕೊಲೆಟ್ ಕೇಕನ್ನು ತಿಳಿಸಲಾಗಿದೆ. ಗಂಡಸರು ಇದು ಹೆಂಗಸರ ಪಾಠವೆಂದು ಪುಟ ಮಗುಚಬಾರದು. ಕಾಯಿ ತುರಿದು ಹಿಂಡುವ ಕೆಲಸಕ್ಕೆ ತೋಳಿನ ಬಲ ಬೇಕು.

ಕೋಕೋ ಎಲ್ಲಿಂದ ಬರುತ್ತದೆ

ಸಾಮಾನುಗಳಲ್ಲಿ ನಮ್ಮ ತೋಟದ್ದಲ್ಲದ ಮುಖ್ಯ ವಸ್ತು ಕೋಕೋ ಪುಡಿ. ಆದರೂ ಅದು ಪರದೇಶದ್ದೇ ಆಗಬೇಕೆಂದಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಮಿಶ್ರ ಬೆಳೆಯಾಗಿ ಬೆಳೆಯುತ್ತದೆ. ಕಾಯಿಯನ್ನು ಒಡೆದು, ಬಿಳಿ ತಿರುಳಿನ ಸಮೇತ ಬೀಜವನ್ನು ಐದಾರು ದಿನ ಹುದುಗಲು ಬಿಟ್ಟು, ಆಮೇಲೆ ಒಣಗಿಸುತ್ತಾರೆ. ಹುದುಗದ ಬೀಜಕ್ಕೆ ಚಾಕೊಲೆಟ್ಟಿನ ಪರಿಮಳವೇ ಬರುವುದಿಲ್ಲ. ಹುರಿದು, ಸಿಪ್ಪೆ ತೆಗೆದು, ಅರೆದು, ಅದರಲ್ಲಿನ ಬೆಣ್ಣೆಯನ್ನು ಒತ್ತಿ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಪುಡಿ ಮಾಡಿದರೆ ಅದೇ ಕೋಕೋ ಪುಡಿ. ಎಣ್ಣೆ ಗಾಣ ಕಂಡ ನಮಗೆ ಇದು ತಿಳಿಯುವುದು ಕಷ್ಟವಲ್ಲ.

1980ರ ಸುಮಾರಿಗೆ ಕೋಕೋ ಬೀಜವನ್ನು ಕೊಳ್ಳುವವರಿಲ್ಲದೆ ಕರಾವಳಿಯ ಬೆಳೆಗಾರರು ಬಹಳ ಕಷ್ಟಪಟ್ಟರು. ಆಗ 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೋ ಸಹಕಾರ ಸಂಸ್ಥೆ ಕೋಕೋ ಖರೀದಿಗೆ ಇಳಿಯಿತು; 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೆಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಸೇರಿ ಬೆಳೆಗೆ ರೂಪ ಕೊಟ್ಟ ಉದಾಹರಣೆ ಇದು. ಕೊಬ್ಬರಿಯ ದರಕ್ಕಾಗಿ ಕಾಯುವ ನಾವು ಗಮನಿಸತಕ್ಕದ್ದು. ನಮ್ಮ ತೆಂಗಿನ ತೋಟದಲ್ಲೂ ಕೋಕೋ ಹಾಕಬಹುದೇ ಎಂದು ಕೇಳುವವರುಂಟು. ಅದಕ್ಕೆ ನೆರಳು ಬೇಕು, ಬೇಸಿಗೆಯಲ್ಲೂ ತಪ್ಪದ ತೇವ ಬೇಕು. ವರ್ಷವಿಡೀ ನೀರಿರುವವರು ನಾಲ್ಕು ಗಿಡ ಇಟ್ಟು ನೋಡಲಿ. ಮಳೆಯನ್ನೇ ನಂಬಿದ ಅರಸೀಕೆರೆ ಸೀಮೆಯ ಒಣ ತೋಟಗಳಿಗೆ ಅದು ಸಲ್ಲದು.

ಸಾಮಾನು ಮತ್ತು ಕೇಕು

ಕಾಲು ಲೀಟರು ಹಿಡಿಯುವ ಒಂದು ಲೋಟವನ್ನು ಆರಿಸಿಕೊಳ್ಳಿ. ಕೊನೆಯವರೆಗೂ ಅದೇ ಲೋಟವಿರಲಿ. ಒಂದೂವರೆ ಲೋಟ ಮೈದಾ, ಒಂದು ಲೋಟ ಸಕ್ಕರೆ, ಕಾಲು ಲೋಟ ಕೋಕೋ ಪುಡಿ, ಒಂದು ಟೀ ಚಮಚ ಅಡುಗೆ ಸೋಡ, ಅರ್ಧ ಟೀ ಚಮಚ ಉಪ್ಪು. ಮೈದಾ, ಕೋಕೋ, ಸೋಡ, ಉಪ್ಪುಗಳನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಸೋಡ ಒಂದೇ ಕಡೆ ಗಂಟಾಗಿ ನಿಂತರೆ ಆ ತುಂಡು ತಿಂದವರ ಬಾಯಿ ಕೆಡುತ್ತದೆ. ಸಕ್ಕರೆ ಬೆರೆಸಿ. ಇನ್ನೊಂದು ಪಾತ್ರೆಯಲ್ಲಿ ಒಂದು ಲೋಟ ನೀರು, ಲೋಟದ ಮೂರನೆಯ ಒಂದು ಪಾಲು ವಾಸನೆಯಿಲ್ಲದ ಅಡುಗೆ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ. ಬೇಲೂರಿನ ಕಡೆಯ ಕಾಫಿಪುಡಿ ಮನೆಯಲ್ಲಿದ್ದರೆ ಅರ್ಧ ಲೋಟ ನೀರಿನ ಬದಲು ಅರ್ಧ ಲೋಟ ಆರಿದ ತೆಳು ಡಿಕಾಕ್ಷನ್ ಹಾಕಿ. ಕಾಫಿಯ ರುಚಿ ಬಾರದು, ಆದರೆ ಕೋಕೋದ ರುಚಿ ಎದ್ದು ಕಾಣುತ್ತದೆ.

ಹಿಟ್ಟು ಕಲಸುವ ಮೊದಲೇ ಒಲೆ ಸಿದ್ಧವಿರಬೇಕು. ಇದನ್ನು ಮರೆಯಬೇಡಿ. ನಿಂಬೆಯ ಹುಳಿಯೂ ಸೋಡವೂ ಕೂಡಿದೊಡನೆ ಅನಿಲ ಹುಟ್ಟುತ್ತದೆ. ಕೇಕು ಉಬ್ಬುವುದು ಅದರಿಂದಲೇ. ಕಲಸಿಟ್ಟು ಸೌದೆ ಹುಡುಕಲು ಹೋದರೆ ಅನಿಲವೆಲ್ಲ ಹಾರಿ ಕೇಕು ಹಲಗೆಯಂತಾಗುತ್ತದೆ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಒಂದು ಅಂಗುಲ ತೊಳೆದು ಒಣಗಿಸಿದ ಮರಳು ಇಲ್ಲವೆ ಕಲ್ಲುಪ್ಪು ಹರಡಿ, ಅದರ ಮೇಲೆ ಕಬ್ಬಿಣದ ಬಳೆಯೊಂದನ್ನಿಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿ. ಕುಕ್ಕರಾದರೆ ರಬ್ಬರು ಬಳೆಯನ್ನೂ ಮೇಲಿನ ತೂಕವನ್ನೂ ಕಡ್ಡಾಯವಾಗಿ ತೆಗೆದಿರಬೇಕು. ಒಳಗೆ ನೀರು ಹಾಕಕೂಡದು.

ಈಗ ನೀರಿನ ಭಾಗವನ್ನು ಹಿಟ್ಟಿಗೆ ಸುರಿದು, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಇಡ್ಲಿ ಹಿಟ್ಟಿನಂತೆ ಗರಗರ ತಿರುಗಿಸಿದರೆ ಮೈದಾದ ಅಂಟು ಬಲಿತು ಕೇಕು ಜಗಿಯುವಂತಾಗುತ್ತದೆ. ಎಣ್ಣೆ ಸವರಿದ 8 ಅಂಗುಲದ ತಟ್ಟೆಗೆ ಹೊಯ್ದು, ಬಿಸಿ ಪಾತ್ರೆಯೊಳಗಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಸೌದೆ ಒಲೆಯಾದರೆ ಉರಿ ಹಿಂದೆಳೆದು ಕೆಂಡದ ಮೇಲೆ ಇಡಿ. ಮುಚ್ಚಳದ ಮೇಲೂ ನಾಲ್ಕು ಕೆಂಡ ಹಾಕಿದರೆ ಮೇಲ್ಭಾಗ ಒಣಗಿ ಚೆನ್ನಾಗುತ್ತದೆ. ಅರ್ಧ ಗಂಟೆಗೆ ಮುಂಚೆ ಮುಚ್ಚಳ ತೆಗೆಯುವುದು ಬೇಡ. ತೊಳೆದ ಹೊಸ ತೆಂಗಿನ ಕಡ್ಡಿಯನ್ನು ನಡುವೆ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ.

ಚುಚ್ಚುವುದು ಏಕೆ

ಪಾತ್ರೆಯಲ್ಲಿ ಬೆಂದ ಮೊಟ್ಟೆಯಿಲ್ಲದ ಕೇಕಿನ ದೊಡ್ಡ ಕೊರತೆಯೆಂದರೆ ಅದು ಮರುದಿನಕ್ಕೆ ಒಣಗಿ ಪುಡಿಪುಡಿಯಾಗುವುದು. ಅದಕ್ಕೆ ಅಮೆರಿಕದಲ್ಲಿ ರೂಢಿಯಲ್ಲಿರುವ ಸುಲಭ ಉಪಾಯವೇ ಚುಚ್ಚಿದ ಕೇಕು: ಬೆಂದ ಕೇಕಿನ ಮೈಗೆ ತೂತು ಮಾಡಿ ಸಿಹಿ ರಸ ಕುಡಿಸುವುದು. ನೆಲ ಗಟ್ಟಿಯಾದಾಗ ಕೆದಕಿ ನೀರು ಬಿಡುವಂತೆಯೇ. ಅವರು ಡಬ್ಬಿಯ ಹಾಲನ್ನೋ ಹಣ್ಣಿನ ರಸವನ್ನೋ ಸುರಿಯುತ್ತಾರೆ. ನಮಗೆ ಕಾಯಿಹಾಲು ಇರುವಾಗ ಡಬ್ಬಿ ಏಕೆ?

ಎರಡು ಬಲಿತ ಕಾಯಿಯನ್ನು ತುರಿದು, ಒಂದೂವರೆ ಲೋಟ ಬೆಚ್ಚಗಿನ ನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಸುಮಾರು ಎರಡು ಲೋಟ ಗಟ್ಟಿ ಹಾಲು ಸಿಗಬೇಕು. ಒಂದು ಲೋಟ ಬೆಲ್ಲದ ಪುಡಿಯನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ ಸೋಸಿ, ಆರಲು ಬಿಡಿ. ಈ ಬೆಲ್ಲದ ನೀರಿನ ಕಾಲು ಭಾಗವನ್ನು ಮುಕ್ಕಾಲು ಲೋಟ ಕಾಯಿಹಾಲಿಗೆ ಬೆರೆಸಿ, ಬೆಚ್ಚಗಾಗುವಷ್ಟು ಮಾತ್ರ ಕಾಯಿಸಿ. ಕುದಿ ಬಂದರೆ ಒಡೆಯುತ್ತದೆ. ಕಾಯಿಹಾಲಿನ ಪಾಯಸ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕೇಕು ಇಳಿಸಿ ಹತ್ತು ನಿಮಿಷ ಕಳೆದ ಮೇಲೆ, ತಟ್ಟೆಯಲ್ಲಿರುವಾಗಲೇ, ಪೆನ್ಸಿಲು ಗಾತ್ರದ ಶುಚಿಯಾದ ಮರದ ಕಡ್ಡಿಯಿಂದ ಅಂಗುಲಕ್ಕೊಂದರಂತೆ ತೂತು ಮಾಡಿ. ಆಳ ಮುಕ್ಕಾಲು ಪಾಲು ಸಾಕು. ತಳ ಮುಟ್ಟಿದರೆ ರಸವೆಲ್ಲ ಕೆಳಗೆ ನಿಂತು ಹಸಿ ಹಿಟ್ಟಿನಂತಾಗುತ್ತದೆ. ರಸವನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ತೂತುಗಳಿಗೆ ಹನಿಸಿ, ಅದು ಹೀರಿದ ಮೇಲೆ ಮತ್ತೆ ಹಾಕಿ. ಅವಸರ ಬೇಡ.

ಕೊಬ್ಬರಿ ಮತ್ತು ಬೀಜದ ಮೇಲ್ಲೇಪ

ಕೊಬ್ಬರಿ ಮತ್ತು ಬೀಜ ಸೇರಿಸಿ ಕೇಕಿನ ಮೇಲೆ ಬಳಿಯುವ ಪದ್ಧತಿಯಿರುವುದು ಜರ್ಮನ್ ಚಾಕೊಲೆಟ್ ಕೇಕು ಎಂಬ ತಿಂಡಿಯಲ್ಲಿ. ಹೆಸರು ಕೇಳಿ ಜರ್ಮನಿ ದೇಶದ್ದೆಂದು ತಿಳಿಯಬೇಡಿ. 1852ರಲ್ಲಿ ಅಮೆರಿಕದ ಬೇಕರ್ ಕಂಪನಿಗೆ ಒಂದು ಬಗೆಯ ಚಾಕೊಲೆಟ್ ಮಾಡಿಕೊಟ್ಟ ಸ್ಯಾಮ್ಯುಯೆಲ್ ಜರ್ಮನ್ ಎಂಬವನ ಹೆಸರು ಅದು. 1957ರಲ್ಲಿ ಡಲ್ಲಾಸಿನ ಪತ್ರಿಕೆಯೊಂದರಲ್ಲಿ ಗೃಹಿಣಿಯೊಬ್ಬರು ಕಳುಹಿಸಿದ ಪಾಕವಿಧಾನ ಅಚ್ಚಾಗಿ ಆ ಕೇಕು ದೇಶವೆಲ್ಲ ಹಬ್ಬಿತು. ಅವರು ಮೊಟ್ಟೆಯ ಹಳದಿಯನ್ನೂ ಪೀಕಾನ್ ಎಂಬ ಬೀಜವನ್ನೂ ಹಾಕುತ್ತಾರೆ. ನಮಗೆ ಅಕ್ಕಿಹಿಟ್ಟೂ ಕಡಲೆಕಾಯಿಯೂ ಸಾಕು.

ಉಳಿದ ಒಂದೂಕಾಲು ಲೋಟ ಕಾಯಿಹಾಲಿಗೆ ಒಂದು ದೊಡ್ಡ ಚಮಚ ನುಣ್ಣನೆಯ ಅಕ್ಕಿಹಿಟ್ಟನ್ನು ಗಂಟಿಲ್ಲದಂತೆ ಕದಡಿ, ಉಳಿದ ಬೆಲ್ಲದ ನೀರು ಮತ್ತು ಎರಡು ದೊಡ್ಡ ಚಮಚ ತುಪ್ಪ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಸೌಟಿನ ಬೆನ್ನಿಗೆ ದಪ್ಪವಾಗಿ ಅಂಟಿ ನಿಂತಾಗ ಇಳಿಸಿ. ಒಂದು ಲೋಟ ಕೊಬ್ಬರಿ ತುರಿ, ಹುರಿದು ಸಿಪ್ಪೆ ತೆಗೆದು ತರಿಯಾಗಿ ಕುಟ್ಟಿದ ಅರ್ಧ ಲೋಟ ಕಡಲೆಕಾಯಿ ಬೀಜ, ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ ಹಾಕಿ ಕಲಸಿ. ಉಗುರು ಬೆಚ್ಚಗಿರುವಾಗ ಕೇಕಿನ ಮೇಲೆ ಹರಡಿ. ತಣ್ಣಗಾದ ಮೇಲೆ ಹರಡಲು ಹೋದರೆ ಕೇಕಿನ ಮೈಯೇ ಕಿತ್ತು ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮಾರಲು ಬಾರದ ಕೊಬ್ಬರಿಯನ್ನು ಮನೆಗೆ ಉಳಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಸಣ್ಣದಾದರೆ, ಒಡೆದದ್ದಾದರೆ ಚಿಂತೆಯಿಲ್ಲ. ಬೂಷ್ಟು ಹಿಡಿದ ಕೊಬ್ಬರಿಯನ್ನೂ ಕಪ್ಪಾದ ಕಡಲೆಕಾಯಿ ಬೀಜವನ್ನೂ ಮಾತ್ರ ಹೆರೆದು ಒರೆಸಿ ಬಳಸಕೂಡದು. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಅಂಥದನ್ನು ದನಕ್ಕೂ ಹಾಕಬೇಡಿ. ವಿಷ ಹಾಲಿನಲ್ಲಿ ಇಳಿದು ಮತ್ತೆ ಮಗುವಿನ ಲೋಟಕ್ಕೇ ಬರುತ್ತದೆ.

ಮಾರುವ ಯೋಚನೆಯಿದ್ದವರಿಗೆ

ಬೇಲೂರು, ಹಳೇಬೀಡುಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಹಳೇಬೀಡಿಗೆ ಬಂದವರಲ್ಲಿ ಕೆಲವರು ನಮ್ಮ ಹುಲಿಕೆರೆಯ ಹೊಯ್ಸಳರ ಕಾಲದ ಕಲ್ಯಾಣಿಯನ್ನೂ ನೋಡಿ ಹೋಗುತ್ತಾರೆ. ಸ್ತ್ರೀಶಕ್ತಿ ಸಂಘದವರು ನಾಲ್ಕು ಮನೆ ಕೂಡಿ ಮಾಡಿದರೆ ಕೊಳ್ಳುವವರು ಸಿಕ್ಕಾರು. ಮೊದಲು ಎರಡು ಮೂರು ಸಲ ಮನೆಯವರಿಗೆ ಮಾಡಿ ಕೈ ಕುದುರಿಸಿಕೊಳ್ಳಿ. ಪ್ರತಿ ಸಲವೂ ಕಾಯಿಗೆ ಅಂದಿನ ಸಂತೆ ದರ ಹಾಕಿ, ಬೆಲ್ಲ, ಮೈದಾ, ಕೋಕೋ, ಉರುವಲು, ಕೂಲಿ ಎಲ್ಲ ಸೇರಿಸಿ ಲೆಕ್ಕ ಬರೆದಿಡಿ. ಮನೆಯ ಕಾಯಿಗೆ ಬೆಲೆಯಿಲ್ಲವೆಂದು ಬಿಟ್ಟು ಬರೆದ ಲೆಕ್ಕ ಲೆಕ್ಕವೇ ಅಲ್ಲ.

ತಿಂಡಿ ಮಾಡಿ ಮಾರುವವರು ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕು. ಅದಕ್ಕಿಂತಲೂ ಕಷ್ಟದ ಮಾತು ಕಾಯಿಹಾಲಿನದು. ಕಾಯಿಹಾಲು ಕುಡಿದ ಕೇಕು ಬೇಸಿಗೆಯಲ್ಲಿ ಬೆಳಿಗ್ಗೆ ಮಾಡಿದರೆ ಸಂಜೆಯೊಳಗೆ ಖರ್ಚಾಗಬೇಕು. ತಂಗಳು ಪೆಟ್ಟಿಗೆಯಿದ್ದರೆ ಎರಡು ದಿನ. ಹುಳಿವಾಸನೆ ಬಂದರೆ, ರಸ ನೂಲೆಳೆದರೆ, ಯಾರಿಗೂ ಕೊಡದೆ ಗುಂಡಿಗೆ ಹಾಕಿ. ದೂರಕ್ಕೆ ಕಳುಹಿಸುವ ಕೇಕಾದರೆ ಚುಚ್ಚುವುದೂ ಬೇಡ, ಲೇಪವೂ ಬೇಡ. ಬರಿಯ ಕೇಕನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಹುರಿದ ಕೊಬ್ಬರಿ ತುರಿಯನ್ನೂ ಬೀಜವನ್ನೂ ಒಣ ಪೊಟ್ಟಣದಲ್ಲಿ ಜೊತೆಗಿಡಬಹುದು.

ಹಿಂಡಿ ಉಳಿದ ಚರಟವನ್ನು ಎಸೆಯಬೇಡಿ. ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿ ತೇವ ಹೋಗಿಸಿದರೆ ಚಟ್ನಿಪುಡಿಗೆ ಬರುತ್ತದೆ.